ವೃದ್ಧಾಶ್ರಮ ನಡೆಸುವವರಿಗೆ: ಪಾಳಿಪಟ್ಟಿಯಿಂದ ಆರಂಭಿಸಿ

ವೃದ್ಧಾಶ್ರಮ ತೆರೆಯಲು ಹೊರಟವರು ಮೊದಲು ಚರ್ಚಿಸುವುದು ನಿವೇಶನ, ಕಟ್ಟಡ ಮತ್ತು ದಾನಿಗಳ ಬಗ್ಗೆ. ನೆಲಕ್ಕೆ ಯಾವ ಟೈಲ್ಸ್, ಉದ್ಘಾಟನೆಗೆ ಯಾವ ಸ್ವಾಮೀಜಿ ಎಂಬುದೆಲ್ಲ ತೀರ್ಮಾನವಾದ ಮೇಲೆ, ಸಭೆ ಮುಗಿಯುವ ಹೊತ್ತಿಗೆ, ‘ನೋಡಿಕೊಳ್ಳುವುದಕ್ಕೆ ನಾಲ್ಕು ಜನ ಹೆಂಗಸರನ್ನು ಇಟ್ಟುಕೊಂಡರಾಯಿತು’ ಎಂಬ ಮಾತು ಬರುತ್ತದೆ. ಹಿರಿಯರಿಗೆ ಎಷ್ಟು ಹೊತ್ತಿಗೆ ಸ್ನಾನವಾಗುತ್ತದೆ, ಊಟ ಮಾಡಿಸುವವರು ತುತ್ತು ನುಂಗುವವರೆಗೆ ಕಾಯುತ್ತಾರೋ ಇಲ್ಲವೋ, ರಾತ್ರಿ ಎರಡು ಗಂಟೆಗೆ ಕರೆದರೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬುದನ್ನೆಲ್ಲ ತೀರ್ಮಾನಿಸುವುದು ಸಿಬ್ಬಂದಿಯ ಪಾಳಿಪಟ್ಟಿ. ಇಪ್ಪತ್ತನಾಲ್ಕು ಗಂಟೆಯೂ ಕೆಲಸದ ಮೇಲಿರುವ ಆಯಾಳಿಂದ ತಾಳ್ಮೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸೇವೆ, ಪುಣ್ಯ ಎಂಬ ಮಾತುಗಳಿಂದ ನಿದ್ದೆಯ ಕೊರತೆ ತುಂಬುವುದಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ಸುಮಾರು 25 ಹಿರಿಯರಿರುವ ಆಶ್ರಮವನ್ನು ನಡೆಸುತ್ತಿರುವ ಮೇಲ್ವಿಚಾರಕರನ್ನೂ ಅವರನ್ನು ನೇಮಿಸುವ ಟ್ರಸ್ಟಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಕಾನೂನಿನ ಚೌಕಟ್ಟನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗೋಣ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ, 2007ರ ಪ್ರಕಾರ 60 ವರ್ಷ ತುಂಬಿದವರು ಹಿರಿಯ ನಾಗರಿಕರು. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದು ಆಶ್ರಮವಾದರೂ ಇರುವಂತೆ ರಾಜ್ಯ ಸರ್ಕಾರಗಳು ಹಂತಹಂತವಾಗಿ ವ್ಯವಸ್ಥೆ ಮಾಡಬಹುದೆಂದು ಅದರ 19ನೇ ಕಲಂ ಹೇಳುತ್ತದೆ. ವಾಸ್ತವದಲ್ಲಿ ನಮ್ಮ ರಾಜ್ಯದಲ್ಲಿ ಈ ಹೊರೆಯ ಬಹುಭಾಗವನ್ನು ಟ್ರಸ್ಟುಗಳು, ಮಠಗಳು ಮತ್ತು ಚರ್ಚುಗಳು ಹೊತ್ತಿವೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯೊಂದಿಗೆ ಆರಂಭದಿಂದಲೇ ಸಂಪರ್ಕವಿಟ್ಟುಕೊಳ್ಳಬೇಕು. ಅಡುಗೆಮನೆ ಲಾಭಕ್ಕಾಗಿ ನಡೆಯದಿದ್ದರೂ ಆಹಾರ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿದ್ದರೆ, 2013ರ ಕಾಯ್ದೆಯಂತೆ, ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿಯನ್ನು ರಚಿಸಲೇಬೇಕು.

ಕೆಲಸವನ್ನು ಅಳೆಯಿರಿ

ಎಷ್ಟು ಹಿರಿಯರಿಗೆ ಎಷ್ಟು ಆಯಾಗಳು ಎಂಬ ಪ್ರಶ್ನೆಗೆ ತಲೆ ಎಣಿಸಿ ಉತ್ತರ ಕೊಡಲಾಗುವುದಿಲ್ಲ. ತಾವಾಗಿ ಎದ್ದು ಸ್ನಾನ ಮಾಡಿ ಊಟಕ್ಕೆ ಬರುವವರು, ಕೈಹಿಡಿದು ನಡೆಸಬೇಕಾದವರು, ಹಾಸಿಗೆ ಹಿಡಿದವರು ಎಂದು ಎಲ್ಲರನ್ನೂ ಮೂರು ಗುಂಪು ಮಾಡಿ ಒಂದು ಹಾಳೆಯಲ್ಲಿ ಬರೆಯಿರಿ. ಮರೆವಿನ ಕಾಯಿಲೆಯಿಂದ ಗೇಟಿನ ಕಡೆಗೆ ನಡೆದುಬಿಡುವವರನ್ನು, ಅವರ ಕಾಲು ಗಟ್ಟಿಯಾಗಿದ್ದರೂ, ಎರಡನೆಯ ಗುಂಪಿಗೇ ಸೇರಿಸಿ.

ಉದಾಹರಣೆಗೆ 25 ಜನರಲ್ಲಿ ಹತ್ತು ಜನ ಸ್ವತಂತ್ರರು, ಒಂಬತ್ತು ಜನರಿಗೆ ಆಸರೆ ಬೇಕು, ಆರು ಜನ ಹಾಸಿಗೆಯಲ್ಲಿದ್ದಾರೆ ಎಂದಿಟ್ಟುಕೊಳ್ಳೋಣ. ಹಾಸಿಗೆಯಲ್ಲಿರುವ ಒಬ್ಬರಿಗೆ ಬಾಯಿ ತೊಳೆಸಿ, ಡೈಪರ್ ಬದಲಿಸಿ, ಮೈ ಒರೆಸಿ, ಹೊದಿಕೆ ಬದಲಿಸಿ, ತಿಂಡಿ ತಿನ್ನಿಸುವುದಕ್ಕೆ ಆತುರವಿಲ್ಲದೆ ಮಾಡಿದರೆ ಒಂದು ಗಂಟೆ ಹಿಡಿಯುತ್ತದೆ. ಆಸರೆ ಬೇಕಾದವರಿಗೆ ತಲಾ 25 ನಿಮಿಷ ಇಡಿ. ಅಲ್ಲಿಗೆ ಬೆಳಗಿನ ಕೆಲಸವೇ ಸುಮಾರು ಹತ್ತು ಗಂಟೆಯಷ್ಟಾಯಿತು. ಮೂವರಿದ್ದರೆ 6ಕ್ಕೆ ಆರಂಭಿಸಿ ಒಂಬತ್ತೂಕಾಲಿಗೆ ಮುಗಿಸಬಹುದು. ಇಬ್ಬರಿದ್ದರೆ ಹನ್ನೊಂದು ಗಂಟೆಯಾಗುತ್ತದೆ. ಒಬ್ಬರೇ ಇರುವ ಕಡೆ ಏನಾಗುತ್ತದೆಂದರೆ, ರಾತ್ರಿ ಪಾಳಿಯವರು ತಮ್ಮ ಪಾಲಿನದನ್ನು ಮುಗಿಸಿಬಿಡಬೇಕೆಂದು ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ ಸ್ನಾನ ಮಾಡಿಸಲು ತೊಡಗುತ್ತಾರೆ. ಧನುರ್ಮಾಸದ ಚಳಿಯಲ್ಲಿ ನಾಲ್ಕು ಗಂಟೆಗೆ ಸ್ನಾನ ಮುಗಿಸಿ, ತಿಂಡಿಗಾಗಿ ಎಂಟೂವರೆಯವರೆಗೆ ಸಾಲಾಗಿ ಕುಳಿತಿರುವ ಹಿರಿಯರನ್ನು ಕಂಡು ‘ಎಂಥ ಶಿಸ್ತು’ ಎಂದು ಮೆಚ್ಚಿಕೊಳ್ಳುವ ಸಂದರ್ಶಕರೂ ಇದ್ದಾರೆ. ಅದು ಸಿಬ್ಬಂದಿಯ ಕೊರತೆಯ ಲಕ್ಷಣ. ಈ ಗುಂಪುಪಟ್ಟಿಯನ್ನು ತಿಂಗಳಿಗೊಮ್ಮೆ, ಮತ್ತು ಯಾರಾದರೂ ಆಸ್ಪತ್ರೆಯಿಂದ ಮರಳಿದಾಗಲೆಲ್ಲ, ತಿದ್ದಬೇಕು.

ಪಾಳಿಪಟ್ಟಿಯನ್ನು ಹಾಕುವ ಬಗೆ

ಊರಿನ ಬಸ್ಸಿನ ವೇಳೆಯನ್ನು ನೋಡದೆ ಹಾಕಿದ ಪಾಳಿಪಟ್ಟಿ ವಾರಕ್ಕೇ ಮುರಿದುಬೀಳುತ್ತದೆ. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಪಕ್ಕದ ಹಳ್ಳಿಗೆ ಹೋಗಬೇಕಾದ ಹೆಣ್ಣುಮಗಳಿಗೆ ಆ ಹೊತ್ತಿನಲ್ಲಿ ಬಸ್ಸಿರುವುದಿಲ್ಲ. ಆದ್ದರಿಂದ ಕಾರ್ಖಾನೆಯ ಆರು–ಎರಡು–ಹತ್ತರ ಲೆಕ್ಕಕ್ಕೆ ಬದಲಾಗಿ ಬೆಳಗ್ಗೆ 6ರಿಂದ ಮಧ್ಯಾಹ್ನ 2, ಮಧ್ಯಾಹ್ನ 12ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 6 ಎಂಬ ಮೂರು ಪಾಳಿಗಳು ಸಣ್ಣ ಊರುಗಳಿಗೆ ಹೆಚ್ಚು ಹೊಂದುತ್ತವೆ. 12ರಿಂದ 2ರವರೆಗೆ ಎರಡು ಪಾಳಿಯವರೂ ಇರುವುದರಿಂದ, ಊಟ ಮಾಡಿಸುವ ಹೊತ್ತಿನಲ್ಲಿ ಕೈಗಳು ಹೆಚ್ಚಿರುತ್ತವೆ.

ಬೆಳಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಇಬ್ಬರು ಎಂದರೆ ವಾರಕ್ಕೆ ಹಗಲಿನ 35 ಪಾಳಿಗಳು, ರಾತ್ರಿಯ 14 ಪಾಳಿಗಳು. ಒಬ್ಬರು ವಾರಕ್ಕೆ ಆರು ಹಗಲುಪಾಳಿ ಅಥವಾ ಐದು ರಾತ್ರಿಪಾಳಿ ಮಾಡುವರೆಂದರೆ ಸುಮಾರು ಒಂಬತ್ತು ಜನ ಬೇಕು. ಕಾಯಿಲೆ, ಮದುವೆ, ಸೂತಕ, ಊರಹಬ್ಬಗಳ ರಜೆಯನ್ನು ಸೇರಿಸಿದರೆ ಹತ್ತು. ರಾತ್ರಿ ಇಬ್ಬರಿರಲೇಬೇಕು, ಏಕೆಂದರೆ ಬಿದ್ದವರನ್ನು ಒಬ್ಬರಿಂದ ಎತ್ತಲಾಗುವುದಿಲ್ಲ, ಒಬ್ಬರು ಆಂಬ್ಯುಲೆನ್ಸಿನಲ್ಲಿ ಹೋದರೆ ಉಳಿದ ಇಪ್ಪತ್ತನಾಲ್ಕು ಜನರಿಗೆ ದಿಕ್ಕಿರುವುದಿಲ್ಲ. ಸರದಿಯಂತೆ ಇಬ್ಬರಿಗೂ ಎರಡೆರಡು ಗಂಟೆ ಮಲಗಲು ಅನುಮತಿಯನ್ನು ಪಟ್ಟಿಯಲ್ಲೇ ಬರೆದು ಕೊಡಿ. ಕೊಡದಿದ್ದರೆ ಇಬ್ಬರೂ ಒಟ್ಟಿಗೆ ಮಲಗುತ್ತಾರೆ. ಇವರ ಜೊತೆಗೆ ಹಗಲಿಗೆ ಒಬ್ಬ ನರ್ಸ್, ಇಬ್ಬರು ಅಡುಗೆಯವರು, ಒಬ್ಬ ಸಹಾಯಕಿ, ಒಬ್ಬ ಸ್ವಚ್ಛತಾ ಸಿಬ್ಬಂದಿ, ಕಾವಲುಗಾರ ಮತ್ತು ಮೇಲ್ವಿಚಾರಕರು ಸೇರಿ ಒಟ್ಟು ಹದಿನೇಳು ಮಂದಿಯಾಗುತ್ತಾರೆ.

ಇಷ್ಟು ಸಂಬಳ ಕೊಡಲಾಗದು ಎಂಬ ಉತ್ತರ ತಕ್ಷಣ ಬರುತ್ತದೆ. ಹಾಗಿದ್ದಲ್ಲಿ 25ರ ಬದಲು ಹದಿನೈದು ಜನರನ್ನು ಸೇರಿಸಿಕೊಳ್ಳಿ, ಅಥವಾ ಹಾಸಿಗೆ ಹಿಡಿದವರ ಸಂಖ್ಯೆಗೆ ಮಿತಿ ಹಾಕಿ. ಸಿಬ್ಬಂದಿ ಇಲ್ಲದೆ ಸೇರಿಸಿಕೊಂಡ ಹತ್ತು ಜನರಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಮೊದಲಿದ್ದ ಹದಿನೈದು ಜನರ ಪಾಲನ್ನು ಕಿತ್ತು ಹಂಚಿದಂತಾಗುತ್ತದೆ. ಆಶ್ರಮದಲ್ಲೇ ವಾಸಿಸುವ ಆಯಾಗಳಿದ್ದರೆ ಅವರಿಗೂ ಇದೇ ಪಾಳಿ ಅನ್ವಯವಾಗಬೇಕು. ಕೋಣೆ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಅವರ ರಾತ್ರಿಗಳು ಸಂಸ್ಥೆಯ ಸ್ವತ್ತಾಗುವುದಿಲ್ಲ.

ಆಯ್ಕೆ ಮಾಡುವಾಗ

ಹುದ್ದೆಯ ವಿವರ ಹೇಳುವಾಗ ಮಲಮೂತ್ರ ತೆಗೆಯುವ ಕೆಲಸವನ್ನು ಮುಚ್ಚಿಡಬೇಡಿ. ‘ಸ್ವಲ್ಪ ನೋಡಿಕೊಳ್ಳುವುದು ಅಷ್ಟೆ’ ಎಂದು ಕರೆತಂದವರು ಮೂರನೆಯ ದಿನ ಹೊರಟುಹೋಗುತ್ತಾರೆ. ಸಂದರ್ಶನದ ಪ್ರಶ್ನೋತ್ತರಕ್ಕಿಂತ, ಒಬ್ಬ ಹಿರಿಯರಿಗೆ ಅರ್ಧ ಬಟ್ಟಲು ಗಂಜಿ ಕುಡಿಸಲು ಹೇಳಿ ದೂರದಿಂದ ನೋಡುವುದು ಹೆಚ್ಚು ತಿಳಿಸುತ್ತದೆ: ಆಕೆ ಕುಳಿತು ತಿನ್ನಿಸುತ್ತಾಳೋ ನಿಂತೇ ತಿನ್ನಿಸುತ್ತಾಳೋ, ಹಿರಿಯರ ಹೆಸರು ಕೇಳುತ್ತಾಳೋ ಇಲ್ಲವೋ, ಗಲ್ಲದ ಮೇಲೆ ಇಳಿದದ್ದನ್ನು ಚಮಚದ ಅಂಚಿನಿಂದ ಕೆರೆದು ಮತ್ತೆ ಬಾಯಿಗಿಡುತ್ತಾಳೋ ಬಟ್ಟೆಯಿಂದ ಒರೆಸುತ್ತಾಳೋ. ಇವುಗಳಲ್ಲಿ ಕೆಲವನ್ನು ಕಲಿಸಬಹುದು, ಆದರೆ ಮನುಷ್ಯರನ್ನು ಕಣ್ಣೆತ್ತಿ ನೋಡುವ ಸ್ವಭಾವವನ್ನು ಕಲಿಸುವುದು ಕಷ್ಟ. ಒಂದು ವಾರದ ಪ್ರಾಯೋಗಿಕ ಅವಧಿಗೆ ಪೂರ್ಣ ಸಂಬಳ ಕೊಡಬೇಕು, ಪೊಲೀಸ್ ಪರಿಶೀಲನೆ ಎಲ್ಲರಿಗೂ ಆಗಬೇಕು. ಬಿಟ್ಟುಹೋಗದಿರಲೆಂದು ಅಂಕಪಟ್ಟಿ, ಆಧಾರ್ ಕಾರ್ಡುಗಳ ಮೂಲಪ್ರತಿಯನ್ನು ಬೀರುವಿನಲ್ಲಿಟ್ಟುಕೊಳ್ಳುವ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಡಿ.

ಪುರುಷರ ಶುಚಿಕಾರ್ಯಕ್ಕೆ ಪುರುಷ ಅಟೆಂಡರ್‌ಗಳು, ಮಹಿಳೆಯರಿಗೆ ಮಹಿಳೆಯರೇ ಎಂಬ ನಿಯಮಕ್ಕೆ ಅನುಗುಣವಾಗಿ ನೇಮಕ ಮಾಡಿಕೊಳ್ಳಿ. ಏಜೆನ್ಸಿಗಳ ಮೂಲಕ ಹೊರರಾಜ್ಯದವರು ಬರುವುದು ಈಗ ಸಾಮಾನ್ಯ. ಅವರಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ಆದರೆ ಮರೆವಿನ ಕಾಯಿಲೆಯ ಅಜ್ಜಿಗೆ ಕೊನೆಗೆ ಉಳಿಯುವುದು ಬಾಲ್ಯದ ಭಾಷೆಯೊಂದೇ. ನೀರು, ನೋವು, ಬಚ್ಚಲು, ಭಯ, ಮನೆಗೆ ಹೋಗಬೇಕು ಎಂಬಂತಹ ಮಾತುಗಳನ್ನು ಕನ್ನಡದಲ್ಲಿಯೂ, ಕರಾವಳಿಯಾದರೆ ತುಳು ಅಥವಾ ಕೊಂಕಣಿಯಲ್ಲಿಯೂ ಮೊದಲ ವಾರವೇ ಕಲಿಸಬೇಕು.

ಮೊದಲ ಎರಡು ವಾರದ ತರಬೇತಿ

ಹೊಸಬರನ್ನು ಹಳಬರೊಬ್ಬರ ಜೊತೆ ಜೋಡಿಯಾಗಿ ಬಿಡಿ, ಎರಡು ವಾರ ಒಬ್ಬಂಟಿಯಾಗಿ ಪಾಳಿ ಕೊಡಬೇಡಿ. ಕಲಿಸಬೇಕಾದ ವಿಷಯಗಳು ಬಹಳವಿಲ್ಲ, ಆದರೆ ಪ್ರತಿಯೊಂದನ್ನೂ ಕೈಯಿಂದ ಮಾಡಿ ತೋರಿಸಬೇಕು.

ಹಾಸಿಗೆ ಹುಣ್ಣು ಮೊದಲನೆಯದು. ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಬೆನ್ನಿನ ಕೆಳತುದಿ, ಸೊಂಟದ ಎರಡು ಬದಿ, ಹಿಮ್ಮಡಿ, ಭುಜದ ಮೂಳೆಗಳ ಮೇಲೆ ಚರ್ಮವನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಆರಂಭವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಬಣ್ಣಕ್ಕಿಂತ ಆ ಜಾಗದ ಬಿಸಿ ಮತ್ತು ಗಡಸುತನವನ್ನು ಮುಟ್ಟಿ ತಿಳಿಯಬೇಕು. ಆ ಜಾಗವನ್ನು ತಿಕ್ಕಬಾರದು. ಏರ್‌ಬೆಡ್ ತಂದ ಮಾತ್ರಕ್ಕೆ ಹೊರಳಿಸುವುದು ತಪ್ಪುವುದಿಲ್ಲ. ದಾನವಾಗಿ ಬಂದ ಏರ್‌ಬೆಡ್ಡಿನ ಮೋಟಾರು ಆರಿಹೋಗಿ ತಿಂಗಳಾದರೂ ಅದರ ಮೇಲೆಯೇ ಹಿರಿಯರು ಮಲಗಿರುವ ಉದಾಹರಣೆಗಳಿವೆ.

ಊಟ ಮಾಡಿಸುವಾಗ ಬೆನ್ನು ನೇರವಾಗಿರಬೇಕು, ಗಲ್ಲ ಸ್ವಲ್ಪ ತಗ್ಗಿರಬೇಕು, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಮಲಗಿದವರ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಹಾಸಿಗೆಯಿಂದ ಎಬ್ಬಿಸುವಾಗ ಮೊದಲು ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ತಲೆಸುತ್ತು ಇಲ್ಲವೆಂದು ಖಚಿತವಾದ ಮೇಲೆ ನಿಲ್ಲಿಸಬೇಕು. ಸಕ್ಕರೆ ಕಾಯಿಲೆಯವರು ಬೆವರಿ, ನಡುಗಿ, ಅಸಂಬದ್ಧವಾಗಿ ಮಾತನಾಡತೊಡಗಿದರೆ ಗ್ಲೂಕೋಮೀಟರ್‌ನಲ್ಲಿ ನೋಡಬೇಕು. 70ಕ್ಕಿಂತ ಕಡಿಮೆಯಿದ್ದು ಎಚ್ಚರವಾಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಕಜ್ಜಿಯ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ಬಹಳ ಆಶ್ರಮಗಳು ನಾಚಿಕೆಯಿಂದ ಮುಚ್ಚಿಡುತ್ತವೆ. ಒಬ್ಬಿಬ್ಬರಿಗೆ ಮಾತ್ರ ಮುಲಾಮು ಹಚ್ಚಿದರೆ ಅದು ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ. ವೈದ್ಯರು ಹೇಳಿದ ಪರ್ಮೆಥ್ರಿನ್ ಮುಲಾಮನ್ನು ಹಿರಿಯರು, ಸಿಬ್ಬಂದಿ ಎಲ್ಲರೂ ಒಂದೇ ರಾತ್ರಿ ಕತ್ತಿನಿಂದ ಕಾಲಿನವರೆಗೆ ಹಚ್ಚಿಕೊಂಡು, ಮರುದಿನ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಹಾಕಬೇಕು. ಸುಮಾರು ಒಂದು ವಾರದ ನಂತರ ವೈದ್ಯರ ಸಲಹೆಯಂತೆ ಇನ್ನೊಮ್ಮೆ ಮಾಡಬೇಕು.

ಪಾಳಿ ಬದಲಾಗುವ ಹದಿನೈದು ನಿಮಿಷ

ಬರುವವರು ಹದಿನೈದು ನಿಮಿಷ ಮೊದಲು ಬರಬೇಕು, ಆ ಹೊತ್ತಿಗೂ ಸಂಬಳ ಸೇರಿರಬೇಕು. ಹೋಗುವವರು ಬರುವವರನ್ನು ಕರೆದುಕೊಂಡು ಹಾಸಿಗೆಯಿಂದ ಹಾಸಿಗೆಗೆ ನಡೆಯಬೇಕು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ‘ಎಲ್ಲ ಆರಾಮ ಇದ್ದಾರೆ ಕಣಕ್ಕ’ ಎಂದು ಹೇಳಿ ಹೊರಡುವುದು ಹಸ್ತಾಂತರವಲ್ಲ. ‘ಮೂರನೇ ರೂಮಿನ ಟೀಚರಮ್ಮ ರಾತ್ರಿ ಅರ್ಧ ಊಟ ಬಿಟ್ಟರು, ನಾಲ್ಕು ಸಲ ಬಚ್ಚಲಿಗೆ ಎದ್ದರು, ಬೆಳಗ್ಗೆ ನನ್ನನ್ನು ತಂಗಿ ಹೆಸರಿನಲ್ಲಿ ಕರೆದರು’ ಎಂದು ಹೇಳಿದರೆ ಅದು ಹಸ್ತಾಂತರ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಕೇಳಿದ ನರ್ಸ್ ಮೂತ್ರದ ಸೋಂಕನ್ನು ಅನುಮಾನಿಸುತ್ತಾರೆ. ವಯಸ್ಸಾದವರಲ್ಲಿ ಸೋಂಕು ಜ್ವರವಾಗಿ ಕಾಣಿಸಿಕೊಳ್ಳುವ ಮುನ್ನ ಒಮ್ಮಿಂದೊಮ್ಮೆಲೆ ಆಗುವ ಗೊಂದಲವಾಗಿ ಕಾಣಿಸಿಕೊಳ್ಳುವುದುಂಟು. ಮೂವರು ಬೇರೆ ಬೇರೆ ಆಯಾಗಳು ಒಂದೊಂದನ್ನು ಕಂಡು ಯಾರೂ ಹೇಳದೆ ಹೋದರೆ, ‘ಅಜ್ಜಿಗೆ ಅರಳುಮರಳು ಶುರುವಾಯಿತು’ ಎಂದು ತೀರ್ಮಾನಿಸಿ ಸುಮ್ಮನಾಗುತ್ತಾರೆ.

ಬರೆಯಲು ಬಾರದ ಆಯಾಗಳಿರುತ್ತಾರೆ. ಅವರಿಗಾಗಿ ಪ್ರತಿ ಹಾಸಿಗೆಯ ತಲೆಭಾಗದಲ್ಲಿ ಊಟ, ನೀರು, ಮಲ, ಮೂತ್ರ, ಹೊರಳಿಸಿದ್ದು ಎಂಬ ಐದು ಚಿತ್ರಗಳಿರುವ ಹಾಳೆಯನ್ನು ತೂಗುಹಾಕಿದರೆ, ಗೆರೆ ಎಳೆದರೆ ಸಾಕಾಗುತ್ತದೆ. ರಾತ್ರಿ ಬಚ್ಚಲಿನ ದೀಪ ಆರಿಸಬಾರದು, ನೆಲ ಒದ್ದೆಯಿರಬಾರದು, ಸವೆದ ಹವಾಯಿ ಚಪ್ಪಲಿಗಳನ್ನು ಆಗಾಗ ಹುಡುಕಿ ಎಸೆಯಬೇಕು.

ಮುಖ್ಯಸ್ಥರ ಕೆಲಸ ಕಚೇರಿಯಲ್ಲಿಲ್ಲ

ಮೇಲ್ವಿಚಾರಕರು ದಿನಕ್ಕೆ ಒಂದು ಹೊತ್ತಾದರೂ ಹಿರಿಯರ ಜೊತೆ ಅದೇ ಸಾಲಿನಲ್ಲಿ ಕುಳಿತು ಅದೇ ಊಟ ಮಾಡಬೇಕು. ಸಾರಿಗೆ ಉಪ್ಪು ಹೆಚ್ಚಾಗಿದೆಯೇ, ಮುದ್ದೆ ಗಟ್ಟಿಯಾಗಿದೆಯೇ, ಯಾರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು ಎಂಬುದು ಯಾವ ವರದಿಯಲ್ಲೂ ಬರುವುದಿಲ್ಲ. ಸಿಬ್ಬಂದಿಗೂ ಅದೇ ಅಡುಗೆ ಇರಬೇಕು. ಆಯಾಗಳು ಉಳಿದದ್ದನ್ನು ತಿನ್ನುವ ಕಡೆ ಹಿರಿಯರ ಪಾಲಿನಿಂದ ಕದಿಯುವುದು ಆರಂಭವಾಗುತ್ತದೆ, ಆಗ ತಪ್ಪು ಯಾರದೆಂದು ಹೇಳುವುದು ಕಷ್ಟ.

ಸಂಬಳ ನಿಗದಿತ ದಿನಕ್ಕೆ ಬ್ಯಾಂಕ್ ಖಾತೆಗೆ ಬೀಳಬೇಕು. ದಾನ ಬರಲಿಲ್ಲ ಎಂದು ಎರಡು ತಿಂಗಳು ತಡಮಾಡಿದರೆ ಒಳ್ಳೆಯವರು ಮೊದಲು ಹೋಗುತ್ತಾರೆ, ಬೇರೆಲ್ಲೂ ಕೆಲಸ ಸಿಗದವರು ಉಳಿಯುತ್ತಾರೆ. ಆಯಾ ಬದಲಾದಾಗಲೆಲ್ಲ ಹಾಸಿಗೆಯಲ್ಲಿರುವವರು ಹೊಸ ಕೈಗೆ ಮೈ ಒಪ್ಪಿಸಬೇಕಾಗುತ್ತದೆ. ಮರೆವಿನ ಕಾಯಿಲೆಯವರು ಅಪರಿಚಿತರು ಬಟ್ಟೆ ಬಿಚ್ಚುತ್ತಿದ್ದಾರೆಂದು ಕಿರುಚಿ ಹೊಡೆಯುತ್ತಾರೆ, ಅವರಿಗೆ ‘ಗಲಾಟೆಯವರು’ ಎಂಬ ಹೆಸರು ಬೀಳುತ್ತದೆ. ಒಬ್ಬ ಹಿರಿಯರಿಗೆ ವಾರಪೂರ್ತಿ ಆದಷ್ಟೂ ಅದೇ ಇಬ್ಬರು ಮೂವರು ಬರುವಂತೆ ನೋಡಿಕೊಂಡರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ಟ್ರಸ್ಟಿಗಳು ಆಯಾಗಳಿಗೆ ನೇರವಾಗಿ ಆದೇಶ ಕೊಡುವಂತಿಲ್ಲ ಎಂಬ ನಿಯಮವನ್ನು ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಅಧ್ಯಕ್ಷರ ಮನೆಯ ಗೃಹಪ್ರವೇಶಕ್ಕೆ ಆಶ್ರಮದ ಅಡುಗೆಯವರನ್ನು ಕಳಿಸಬೇಕಾದ ಪರಿಸ್ಥಿತಿ ಮೇಲ್ವಿಚಾರಕರ ಅಧಿಕಾರವನ್ನು ಒಂದೇ ದಿನದಲ್ಲಿ ತೆಗೆದುಹಾಕುತ್ತದೆ.

ಹೊಡೆಯುವುದು, ಕಟ್ಟಿಹಾಕುವುದು, ಊಟ ಕೊಡುವುದಿಲ್ಲವೆಂದು ಹೆದರಿಸುವುದು, ಡೈಪರ್ ಬದಲಿಸುವಾಗ ಬಾಗಿಲು ತೆರೆದಿಡುವುದು ಇವು ಯಾವ ಕಾರಣಕ್ಕೂ ಸಲ್ಲದು. ತೋಳಿನ ಒಳಭಾಗದ ಕಂದುಗಟ್ಟಿದ ಗುರುತುಗಳು, ಒಬ್ಬರು ಬಂದೊಡನೆ ಸುಮ್ಮನಾಗುವ ಹಿರಿಯರು, ಇವನ್ನು ಗಮನಿಸಬೇಕು. ದೂರು ಬಂದಾಗ ಆ ಸಿಬ್ಬಂದಿಯನ್ನು ಮೊದಲು ಆ ಹಿರಿಯರ ಆರೈಕೆಯಿಂದ ದೂರವಿಟ್ಟು, ಆಮೇಲೆ ವಿಚಾರಿಸಿ. ಹಿರಿಯರ ಸಹಾಯವಾಣಿ 14567 ಅನ್ನು ಊಟದ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಆಡಳಿತ ಮಂಡಳಿಗೆ ಇದರಿಂದ ಇರುಸುಮುರುಸಾದರೆ ಆಗಲಿ.

ದಿನಚರಿ

ಎಲ್ಲರಿಗೂ ಒಂದೇ ವೇಳಾಪಟ್ಟಿ ಆಡಳಿತಕ್ಕೆ ಸುಲಭ, ಬದುಕುವವರಿಗೆ ಸೆರೆ. ಸೇರಿಸಿಕೊಳ್ಳುವ ದಿನವೇ ಕೇಳಿ ಬರೆದುಕೊಳ್ಳಬೇಕಾದ ಸಂಗತಿಗಳಿವೆ: ಎಷ್ಟು ಹೊತ್ತಿಗೆ ಏಳುವ ರೂಢಿ, ಕಾಫಿಯೋ ಚಹಾವೋ, ಸ್ನಾನ ಬೆಳಗ್ಗೆಯೋ ಸಂಜೆಯೋ, ಎಲೆಅಡಿಕೆ ಹಾಕುತ್ತಾರೋ, ಯಾವ ದಿನ ಉಪವಾಸ, ಏನೆಂದು ಕರೆಯಬೇಕು. ಎಲ್ಲರನ್ನೂ ‘ಅಜ್ಜಿ’ ‘ತಾತ’ ಎನ್ನುವುದು ಅಕ್ಕರೆಯೆಂದು ಸಿಬ್ಬಂದಿ ಭಾವಿಸುತ್ತಾರೆ. ನಲವತ್ತು ವರ್ಷ ಪಾಠ ಹೇಳಿದವರಿಗೆ ‘ಮೇಷ್ಟ್ರೇ’ ಎಂದು ಕರೆಸಿಕೊಳ್ಳುವುದು ಇಷ್ಟವಿರಬಹುದು, ಮದುವೆಯಾಗದೆ ಉಳಿದ ಹೆಂಗಸಿಗೆ ‘ಅಜ್ಜಿ’ ಎಂಬುದು ಚುಚ್ಚಬಹುದು. ಏಕವಚನ ಮಾತ್ರ ಯಾರಿಗೂ ಬೇಡ.

ರಾತ್ರಿ ಊಟ ಏಳಕ್ಕೆ ಮುಗಿದು ತಿಂಡಿ ಎಂಟೂವರೆಗೆ ಬಂದರೆ ನಡುವೆ ಹದಿಮೂರೂವರೆ ಗಂಟೆಯ ಅಂತರವಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಇದು ಅಪಾಯ. ಒಂಬತ್ತಕ್ಕೆ ಹಾಲು ಅಥವಾ ರಾಗಿಗಂಜಿ ಕೊಡುವ ಕೆಲಸವನ್ನು ರಾತ್ರಿ ಪಾಳಿಗೆ ಸೇರಿಸಿ. ರಾತ್ರಿ ಏಳಬೇಕಾಗುತ್ತದೆಂಬ ಅಂಜಿಕೆಯಿಂದ ಅನೇಕರು ದಿನವಿಡೀ ನೀರು ಕುಡಿಯುವುದಿಲ್ಲ. ಕೇಳಿದರೆ ‘ಬಾಯಾರಿಕೆಯಿಲ್ಲ’ ಎನ್ನುತ್ತಾರೆ. ಮಧ್ಯಾಹ್ನ ಮಜ್ಜಿಗೆ, ನಾಲ್ಕಕ್ಕೆ ಬೆಲ್ಲವಿಲ್ಲದ ಕಷಾಯ ಎಂದು ಸಂಜೆಯೊಳಗೆ ಮುಗಿಸುವುದು ಒಳ್ಳೆಯದು. ಏಕಾದಶಿ, ರಂಜಾನ್ ಉಪವಾಸಗಳನ್ನು ತಡೆಯಬೇಡಿ, ಆದರೆ ಮಾತ್ರೆ ಮತ್ತು ಇನ್ಸುಲಿನ್‌ನ ಹೊತ್ತನ್ನು ವೈದ್ಯರಿಂದ ಮೊದಲೇ ಬದಲಿಸಿ ಬರೆಸಿಕೊಳ್ಳಿ.

ಮಾತ್ರೆಗಳನ್ನು ವಾರದ ಡಬ್ಬಿಗೆ ನರ್ಸ್ ತುಂಬಬೇಕು, ಕೊಡುವವರು ನುಂಗಿದ್ದನ್ನು ನೋಡಿದ ಮೇಲೆ ಗುರುತು ಹಾಕಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ದಿನ ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿ. ಒಂದೇ ಬಿಪಿ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗಿ ಹಿರಿಯರು ತಲೆಸುತ್ತಿ ಬೀಳುವುದು ಅಪರೂಪವಲ್ಲ.

ಉಳಿದ ಹೊತ್ತಿಗೆ ಭಜನೆ, ಯೋಗ ಎಂದು ಕಾರ್ಯಕ್ರಮ ತುಂಬುವ ಅಗತ್ಯವಿಲ್ಲ. ಬಟಾಣಿ ಬಿಡಿಸುವುದು, ಹೂ ಕಟ್ಟುವುದು, ಪತ್ರಿಕೆ ಓದಿ ಹೇಳುವುದು, ಗಿಡಕ್ಕೆ ನೀರು ಹಾಕುವುದು ಮುಂತಾದ ಕೆಲಸ ಕೇಳುವವರಿಗೆ ಕೊಡಿ. ಸುಮ್ಮನೆ ಕೂರಬೇಕೆನ್ನುವವರನ್ನು ಕೂರಲು ಬಿಡಿ. ಟಿವಿ ರಿಮೋಟಿನ ಜಗಳಕ್ಕೆ ಪರಿಹಾರ ಎರಡನೆಯ ಟಿವಿಯೊಂದೇ.

ಹುಟ್ಟುಹಬ್ಬದ ಊಟ ಮತ್ತು ದಾನಿಗಳು

ಮಗುವಿನ ಹುಟ್ಟುಹಬ್ಬ, ತಂದೆಯ ವರ್ಷಾಬ್ದಿಕಗಳಿಗೆ ಆಶ್ರಮದಲ್ಲಿ ಅನ್ನದಾನ ಮಾಡುವುದು ನಮ್ಮಲ್ಲಿ ಬೇರೂರಿದ ಪದ್ಧತಿ, ಸಣ್ಣ ಆಶ್ರಮಗಳು ಉಳಿದಿರುವುದಕ್ಕೆ ಅದೂ ಒಂದು ಕಾರಣ. ಅದರ ತೊಡಕುಗಳನ್ನು ಮೇಲ್ವಿಚಾರಕರೇ ಬಿಡಿಸಬೇಕು. ಹನ್ನೆರಡೂವರೆಗೆ ಊಟವೆಂದು ಇನ್ಸುಲಿನ್ ಕೊಟ್ಟಾಗಿದೆ, ದಾನಿಯ ನೆಂಟರು ಬರುವುದು ತಡವಾಗಿ ಎರಡು ಗಂಟೆಯಾಗಿದೆ, ಕೇಕು ಕತ್ತರಿಸದೆ ಊಟ ಬಡಿಸುವಂತಿಲ್ಲ. ಇಂಥ ಸಂದರ್ಭದಲ್ಲಿ ರಕ್ತದ ಸಕ್ಕರೆ ಕುಸಿದು ಹಿರಿಯರು ಕುಸಿಯುತ್ತಾರೆ. ಊಟದ ವೇಳೆ ಯಾರಿಗಾಗಿಯೂ ಬದಲಾಗುವುದಿಲ್ಲವೆಂದು ಹಣ ಪಡೆಯುವಾಗಲೇ ತಿಳಿಸಿ, ರಸೀದಿಯ ಹಿಂಬದಿಯಲ್ಲಿಯೂ ಅಚ್ಚುಹಾಕಿಸಿ. ವಾರಕ್ಕೆ ನಾಲ್ಕು ದಿನ ಹೋಳಿಗೆ, ಜಾಮೂನು ಬರುವುದಾದರೆ ಎರಡನ್ನು ಹಣ್ಣು, ಹೆಸರುಕಾಳು, ಮೊಸರಿಗೆ ಬದಲಾಯಿಸುವಂತೆ ವಿನಂತಿಸಿ. ಬೆಡ್‌ಶೀಟು, ಡೈಪರುಗಳ ಪಟ್ಟಿಯನ್ನೂ ಕೈಗೆ ಕೊಡಿ. ತುತ್ತು ಹಿಡಿದು ಹಿರಿಯರ ಬಾಯಿಯ ಹತ್ತಿರ ತಂದು ಫೋಟೊ ತೆಗೆಸಿಕೊಳ್ಳುವುದನ್ನು ಬೇಡವೆನ್ನುವ ಹಕ್ಕು ಹಿರಿಯರಿಗಿದೆ. ಮೊದಲೇ ಒಬ್ಬೊಬ್ಬರನ್ನೂ ಕೇಳಿ, ಬೇಡವೆಂದವರನ್ನು ಆ ಸಾಲಿನಿಂದ ದೂರ ಕೂರಿಸಿ. ಕೈಮುಗಿದು ಸಾಲಾಗಿ ನಿಲ್ಲಿಸುವುದಂತೂ ಬೇಡವೇ ಬೇಡ.

ಹಿರಿಯರ ಹಣ

ಸಂಧ್ಯಾ ಸುರಕ್ಷಾ ಪಿಂಚಣಿಯಾಗಲಿ, ನಿವೃತ್ತಿ ವೇತನವಾಗಲಿ ಅದು ಹಿರಿಯರದು. ಎಟಿಎಂ ಕಾರ್ಡು ಮತ್ತು ಅದರ ಸಂಖ್ಯೆ ಸಿಬ್ಬಂದಿಯ ಬಳಿ ಇರಬಾರದು. ಒಪ್ಪಿಸಿದ ನಗದು, ಒಡವೆಗಳಿಗೆ ಇಬ್ಬರ ಸಹಿಯಿರುವ ಪುಸ್ತಕವಿರಬೇಕು. ಆಶ್ರಮಕ್ಕೆ ಆಸ್ತಿ ಬರೆದುಕೊಡುತ್ತೇನೆ ಎಂದು ಹಿರಿಯರು ತಾವಾಗಿ ಹೇಳಿದರೂ, ಆಶ್ರಮಕ್ಕೆ ಸಂಬಂಧಿಸದ ವಕೀಲರನ್ನು ಅವರೇ ಆರಿಸಿಕೊಳ್ಳುವವರೆಗೆ ಕಾಗದ ಮುಟ್ಟಬೇಡಿ.

ಆಸ್ಪತ್ರೆ ಮತ್ತು ಸಾವು

ಸೇರಿಸಿಕೊಳ್ಳುವಾಗಲೇ ಇಬ್ಬರು ಬಂಧುಗಳ ವಿಳಾಸ, ಆಧಾರ್ ಪ್ರತಿ ಪಡೆಯಿರಿ. ಬಿಟ್ಟುಹೋದ ಮೇಲೆ ಫೋನ್ ಸಂಖ್ಯೆ ಬದಲಿಸಿಬಿಡುವ ಮಕ್ಕಳಿದ್ದಾರೆ. ತಮ್ಮ ಆರೈಕೆಯಲ್ಲಿರುವ ಹಿರಿಯರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವುದು 2007ರ ಕಾಯ್ದೆಯ 24ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವೆಂದು ಅವರಿಗೆ ಅಂದೇ ತಿಳಿಸಿ. ಆಸ್ಪತ್ರೆಗೆ ಕಳಿಸುವಾಗ ಜೊತೆಗೆ ಹೋಗಬೇಕಾದ ಕಡತದಲ್ಲಿ ಕಾಯಿಲೆಗಳು, ಮಾತ್ರೆಗಳು, ಅಲರ್ಜಿ, ಬಂಧುಗಳ ಸಂಖ್ಯೆ, ಕನ್ನಡಕ, ಹಲ್ಲಿನ ಸೆಟ್ಟಿನ ವಿವರ ಇಷ್ಟಿದ್ದರೆ ಸಾಕು.

ಅಂತ್ಯಸಂಸ್ಕಾರದ ಬಗ್ಗೆ ಹಿರಿಯರು ಆರೋಗ್ಯವಾಗಿದ್ದಾಗಲೇ ಕೇಳಬೇಕು: ಹೂಳಬೇಕೋ ಸುಡಬೇಕೋ, ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು. ಹೆಚ್ಚಿನವರು ಈ ಮಾತಿಗಾಗಿ ಕಾದಿದ್ದವರಂತೆ ಉತ್ತರಿಸುತ್ತಾರೆ. ಹಿಂಜರಿಕೆ ಇರುವುದು ಕೇಳುವವರಲ್ಲಿ. ನೇತ್ರದಾನಕ್ಕೆ ಒಪ್ಪಿದ್ದರೆ ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ, ಹತ್ತಿರದ ನೇತ್ರ ಬ್ಯಾಂಕಿನ ಸಂಖ್ಯೆ ರಾತ್ರಿ ಪಾಳಿಯವರ ಕೈಯಲ್ಲಿರಬೇಕು. ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಡುತ್ತಿದ್ದ ವೈದ್ಯರಿಂದ ಪಡೆದು, 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಿ. ಬಿದ್ದು ಸತ್ತಿದ್ದರೆ ಅಥವಾ ಸಾವಿನಲ್ಲಿ ಏನಾದರೂ ಅನುಮಾನವಿದ್ದರೆ ಪೊಲೀಸರಿಗೆ ತಿಳಿಸುವ ಮುನ್ನ ದೇಹವನ್ನು ಕದಲಿಸಬೇಡಿ.

ಪಕ್ಕದ ಹಾಸಿಗೆಯವರಿಗೆ ಸಾವನ್ನು ಮುಚ್ಚಿಡಬಾರದು. ಬೆಳಗಾಗುವುದರೊಳಗೆ ಹಾಸಿಗೆ ಮಡಿಸಿ ‘ಆಸ್ಪತ್ರೆಗೆ ಹೋದರು’ ಎಂದರೆ ಉಳಿದವರೆಲ್ಲ ತಮ್ಮ ಸರದಿಯೂ ಹೀಗೆಯೇ ಎಂದು ಅರ್ಥಮಾಡಿಕೊಳ್ಳುತ್ತಾರೆ. ಬಯಸಿದವರು ನೋಡಲಿ, ಹೂ ಹಾಕಲಿ. ವರ್ಷಗಟ್ಟಲೆ ಮೈ ತೊಳೆದ ಆಯಾಗೆ ಅಂತ್ಯಸಂಸ್ಕಾರಕ್ಕೆ ಹೋಗಲು ಆ ದಿನ ಸಂಬಳಸಹಿತ ಬಿಡುವು ಕೊಡಬೇಕು, ಮತ್ತು ಆ ಹಾಸಿಗೆಗೆ ಹೊಸಬರನ್ನು ಮರುದಿನವೇ ತರುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕು.

ಆಡಳಿತ ಮಂಡಳಿಯ ಮುಂದೆ ಇಡಬೇಕಾದದ್ದು

ತಿಂಗಳ ಸಭೆಗೆ ಖರ್ಚುವೆಚ್ಚದ ಜೊತೆಗೆ ಒಂದೇ ಪುಟದ ಇನ್ನೊಂದು ಹಾಳೆ ಹೋಗಬೇಕು: ಆ ತಿಂಗಳು ಬಿದ್ದವರೆಷ್ಟು, ಹೊಸದಾಗಿ ಹಾಸಿಗೆ ಹುಣ್ಣಾದವರೆಷ್ಟು, ತೂಕ ಇಳಿದವರು ಯಾರು, ಆಸ್ಪತ್ರೆಗೆ ಹೋದವರೆಷ್ಟು, ಕೆಲಸ ಬಿಟ್ಟ ಸಿಬ್ಬಂದಿ ಯಾರು ಮತ್ತು ಯಾಕೆ, ಎಷ್ಟು ಪಾಳಿಗಳು ಒಬ್ಬರು ಕಡಿಮೆಯಿದ್ದು ನಡೆದವು. ಕೊನೆಯ ಸಾಲು ಏರಿದ ತಿಂಗಳಿನಲ್ಲಿ ಮೊದಲಿನವೂ ಏರಿರುವುದನ್ನು ಟ್ರಸ್ಟಿಗಳು ತಾವಾಗಿ ಗಮನಿಸುತ್ತಾರೆ, ಇನ್ನೊಬ್ಬ ಆಯಾಳ ಸಂಬಳ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ವಾದ ಬೇಕಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಒಬ್ಬ ಟ್ರಸ್ಟಿ, ಮೊದಲೇ ತಿಳಿಸದೆ, ಬೆಳಗಿನ ಐದೂವರೆಗೆ ಬರುವ ಪದ್ಧತಿಯನ್ನು ಮೇಲ್ವಿಚಾರಕರೇ ಕೇಳಿ ಮಾಡಿಸಿಕೊಳ್ಳಬೇಕು. ಬಂದವರಿಗೆ ಕಚೇರಿಯಲ್ಲಿ ಕುರ್ಚಿ ಹಾಕದೆ, ರಾತ್ರಿ ಪಾಳಿಯವರ ಜೊತೆ ಹಾಸಿಗೆಯಿಂದ ಹಾಸಿಗೆಗೆ ಕಳಿಸಬೇಕು.